ಅರ್ಧ ಕಿಲೋ ನೂಲಿನಲ್ಲಿ ಮೂರು ಸಾವಿರ ಕಿಲೋಮೀಟರ್

ಕ್ರೋಶಾ ಕಡ್ಡಿಯನ್ನು ಮೊದಲ ಸಲ ಹಿಡಿಯುವವರಿಗೆ ಹೇಳಿಮಾಡಿಸಿದಂಥ ಒಂದು ಕಾರ್ಡಿಗನ್ ಇದೆ. ಬೆನ್ನಿಗೊಂದು, ಎದೆಗೆರಡು, ತೋಳಿಗೆರಡು ಎಂದು ಐದು ತುಂಡುಗಳ ಅಳತೆ ತೆಗೆಯುವ ತಾಪತ್ರಯ ಇದರಲ್ಲಿಲ್ಲ. ಆರು ಮೂಲೆಯ ಎರಡು ದೊಡ್ಡ ತುಂಡು ಹೆಣೆದು, ಎರಡನ್ನೂ ಮಡಚಿ, ಭುಜದ ಮೇಲೂ ಬೆನ್ನಿನ ನಡುವೆಯೂ ಹೊಲಿದುಬಿಟ್ಟರೆ ಉಡುಪು ಸಿದ್ಧ. ಬೇಕಾಗುವ ಸಾಮಾನು 4 ಮಿಲಿಮೀಟರಿನ ಒಂದು ಕಡ್ಡಿ, ಅರ್ಧ ಕಿಲೋ ಹತ್ತಿ ನೂಲು, ದಪ್ಪ ಕಣ್ಣಿನ ಒಂದು ಸೂಜಿ. ಕಲಿಯಬೇಕಾದದ್ದು ಚೈನ್ ಮತ್ತು ಡಬಲ್ ಕ್ರೋಶಾ, ಅಂಚಿಗೆ ಸಿಂಗಲ್ ಕ್ರೋಶಾ. ಇಷ್ಟು ಕಲಿಯಲು ಒಂದು ಭಾನುವಾರ ಸಾಕು.

ಈ ಸರಳ ಉಡುಪನ್ನು ಪೆನ್ಸಿಲ್ ಹಿಡಿದು ಲೆಕ್ಕಕ್ಕೆ ಕೂರಿಸಿದರೆ ಬರುವ ಅಂಕಿಗಳು ಮಾತ್ರ ಅಷ್ಟು ಸರಳವಲ್ಲ.

ಮೊದಲು ಒಂದೇ ಒಂದು ಡಬಲ್ ಕ್ರೋಶಾ ನೋಡೋಣ. ಕಡ್ಡಿಯ ಮೇಲೆ ಆಗಲೇ ಒಂದು ಕುಣಿಕೆ ಕೂತಿರುತ್ತದೆ. ಕಡ್ಡಿಗೆ ನೂಲನ್ನೊಮ್ಮೆ ಸುತ್ತಿ, ಕೆಳಗಿನ ಸುತ್ತಿನ ಸಂದಿಗೆ ತೂರಿಸಿ, ಇನ್ನೊಮ್ಮೆ ಸುತ್ತಿ ಹೊರಗೆಳೆದರೆ ಕಡ್ಡಿಯ ಮೇಲೆ ಮೂರು ಕುಣಿಕೆ. ಮೂರನೇ ಸಲ ಸುತ್ತಿ ಎರಡರೊಳಗಿಂದ ಎಳೆದರೆ ಉಳಿಯುವುದು ಎರಡು. ನಾಲ್ಕನೇ ಸಲ ಸುತ್ತಿ ಆ ಎರಡರೊಳಗಿಂದಲೂ ಎಳೆದರೆ ಮತ್ತೆ ಒಂದೇ ಕುಣಿಕೆ, ಹೊರಟಲ್ಲಿಗೇ ಬಂದಂತಾಯಿತು. ಆದರೆ ಅಷ್ಟರಲ್ಲಿ ಒಂದು ಸೆಂಟಿಮೀಟರ್ ಎತ್ತರದ ಪುಟ್ಟ ಕಂಬವೊಂದು ಎದ್ದು ನಿಂತಿದೆ. ಅದು ನುಂಗಿದ ನೂಲು ಸುಮಾರು ಆರು ಸೆಂಟಿಮೀಟರ್.

ಇಂಥ ಮೂರು ಕಂಬ ಒಟ್ಟಿಗೆ ನಿಂತರೆ ಒಂದು ಗುಚ್ಛ. ಆರು ಮೂಲೆಯ ತುಂಡಿನ ಮೊದಲ ಸುತ್ತಿನಲ್ಲಿ ಆರು ಗುಚ್ಛ, ಎಂದರೆ 18 ಕಂಬ. ಎರಡನೇ ಸುತ್ತಿನಿಂದ ಪ್ರತಿ ಮೂಲೆಯಲ್ಲೂ ಎರಡೆರಡು ಗುಚ್ಛ ಹಾಕುತ್ತ ಹೋಗುವುದರಿಂದ ಸುತ್ತಿಗೆ ಆರರಂತೆ ಗುಚ್ಛಗಳು ಹೆಚ್ಚುತ್ತವೆ. ಎರಡನೇ ಸುತ್ತಿಗೆ 36 ಕಂಬ, ಮೂರನೆಯದಕ್ಕೆ 54, ಹತ್ತನೆಯದಕ್ಕೆ 180. ಸಾಧಾರಣ ಮೈಕಟ್ಟಿನವರಿಗೆ ಸಡಿಲವಾಗಿ ಕೂರಲು 28 ಸುತ್ತು ಬೇಕು. ಆ ಇಪ್ಪತ್ತೆಂಟನೇ ಸುತ್ತಿನಲ್ಲಿ 504 ಕಂಬ. ಎಲ್ಲ ಸುತ್ತುಗಳನ್ನೂ ಕೂಡಿದರೆ ಒಂದು ತುಂಡಿಗೆ 7,308, ಎರಡಕ್ಕೆ 14,616. ಕಂಬವೊಂದಕ್ಕೆ ನಾಲ್ಕು ಸಲ ನೂಲು ಸುತ್ತಬೇಕಲ್ಲ, ಮಣಿಕಟ್ಟು 58,464 ಸಲ ಆಡಬೇಕು. ಅಂಚಿನ ಪಟ್ಟಿ, ಗುಂಡಿಪಟ್ಟಿಗಳನ್ನು ಈ ಲೆಕ್ಕಕ್ಕೆ ಇನ್ನೂ ಹಿಡಿದಿಲ್ಲ.

ಕೈ ಇನ್ನೂ ಪಳಗದವರಿಗೆ ಒಂದು ಕಂಬಕ್ಕೆ ಹತ್ತು ಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 40 ಗಂಟೆ ದಾಟುತ್ತದೆ. ದಿನಕ್ಕೊಂದು ಗಂಟೆ ಎಂದರೆ ದಸರಾಕ್ಕೆ ಶುರು ಮಾಡಿದ್ದು ಕಾರ್ತಿಕ ಮಾಸದಲ್ಲಿ ಮುಗಿಯುತ್ತದೆ, ಚಳಿ ಶುರುವಾಗುವ ಹೊತ್ತಿಗೆ ಸರಿಯಾಗಿ.

ಇಲ್ಲೊಂದು ಮೋಸವಿದೆ. ಮೊದಲ ಸುತ್ತು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಹತ್ತನೇ ಸುತ್ತಿನವರೆಗೂ ಕೆಲಸ ಸರಸರನೆ ಸಾಗುತ್ತದೆ. 28ರಲ್ಲಿ ಹತ್ತಾಯಿತು, ಮೂರನೇ ಒಂದು ಭಾಗ ಮುಗಿಯಿತು ಎಂದು ಮನಸ್ಸು ಹಿಗ್ಗುತ್ತದೆ. ನಿಜದಲ್ಲಿ ಮುಗಿದದ್ದು ನೂರಕ್ಕೆ ಹದಿಮೂರೂವರೆ. ಇಪ್ಪತ್ತನೇ ಸುತ್ತು ಮುಗಿಸಿದಾಗ ನೋಡುವವರ ಕಣ್ಣಿಗೆ ತುಂಡು ಬಹುಪಾಲು ಸಿದ್ಧವಾಗಿದೆ. ಲೆಕ್ಕದಲ್ಲಿ ಅರ್ಧವಷ್ಟೇ ಆಗಿದೆ. ಕೊನೆಯ ಎಂಟು ಸುತ್ತುಗಳೊಳಗೆ ತುಂಡಿನ ಒಟ್ಟು ಕೆಲಸದ ನೂರಕ್ಕೆ 48 ಪಾಲು ಅಡಗಿ ಕೂತಿದೆ. ಕೊನೆಯ ಸುತ್ತೊಂದಕ್ಕೇ 84 ನಿಮಿಷ ಬೇಕು. ಅರ್ಧಕ್ಕೆ ಬಿಟ್ಟ ಹೆಣಿಗೆಗಳು ಊರತುಂಬ ಕಪಾಟುಗಳಲ್ಲಿ ಮಲಗಿರುವುದಕ್ಕೆ ಸೋಮಾರಿತನವೇ ಕಾರಣವೆಂದು ನಾನು ಒಪ್ಪುವುದಿಲ್ಲ. ಸುತ್ತುಗಳನ್ನು ಎಣಿಸುವವರಿಗೆ ಅಂಕಗಣಿತ ಹೀಗೆ ಕೈಕೊಡುತ್ತದೆ. ಎಣಿಸುವುದಾದರೆ ಗುಚ್ಛ ಎಣಿಸಿ.

ಬಿಚ್ಚುವ ಲೆಕ್ಕ ಇನ್ನೂ ಕ್ರೂರ. ಕಡ್ಡಿ ಎರಡಿರುವ ನಿಟ್ಟಿಂಗ್‌ನಲ್ಲಿ ನೂರಾರು ಕುಣಿಕೆಗಳು ಒಟ್ಟಿಗೆ ತೆರೆದಿರುತ್ತವೆ. ಕ್ರೋಶಾದಲ್ಲಿ ಒಂದು ಕಂಬ ಮುಗಿದಾಗ ತೆರೆದಿರುವುದು ಒಂದೇ ಕುಣಿಕೆ. ಅದಕ್ಕೇ ಇದು ಹೊಸಬರಿಗೆ ಹಿತ. ಕಡ್ಡಿ ಜಾರಿ ಬಿದ್ದರೆ ಒಂದು ಕುಣಿಕೆಯನ್ನು ಎತ್ತಿಕೊಂಡರಾಯಿತು. ಅದೇ ಕಾರಣಕ್ಕೆ, ಗಂಟು ಹಾಕದೆ ಬಿಟ್ಟ ತುದಿಯನ್ನು ಮನೆಯ ಮಗುವೊಂದು ಹಿಡಿದು ಸೆಕೆಂಡಿಗೆ ಒಂದು ಮೀಟರಿನಂತೆ ಎಳೆದುಕೊಂಡು ಓಡಿದರೆ, ನೂಲಿನ ಒಟ್ಟು ಉದ್ದ ಒಂದು ಕಿಲೋಮೀಟರ್ ಆದ್ದರಿಂದ, 40 ಗಂಟೆಯ ಕೆಲಸ 17 ನಿಮಿಷದಲ್ಲಿ ಮತ್ತೆ ನೂಲಾಗುತ್ತದೆ. ಪುಣ್ಯಕ್ಕೆ ಉಂಡೆಗಳು ಹತ್ತು. ಪ್ರತಿ ಜೋಡಣೆಯಲ್ಲೂ ತುದಿಯನ್ನು ಸೂಜಿಯಿಂದ ಭದ್ರವಾಗಿ ಒಳಗೆ ಸೇರಿಸಿದ್ದರೆ ಮಗು ಅಲ್ಲಿಗೇ ನಿಲ್ಲಬೇಕಾಗುತ್ತದೆ.

ಐದಾರು ಸುತ್ತು ಆದಮೇಲೆ ಹೊಸಬರು ಗಾಬರಿಯಾಗುವುದು ಇನ್ನೊಂದಕ್ಕೆ. ತುಂಡು ಮೇಜಿನ ಮೇಲೆ ಚಪ್ಪಟೆಯಾಗಿ ಕೂರುವುದಿಲ್ಲ, ಅಲೆಅಲೆಯಾಗಿ ಏಳುತ್ತದೆ. ಬಿಚ್ಚಬೇಡಿ, ಅದು ಏಳಬೇಕಾದದ್ದೇ. ಒಂದು ಬಿಂದುವಿನ ಸುತ್ತ ಚಪ್ಪಟೆ ಜಾಗ ಇರುವುದು 360 ಡಿಗ್ರಿ, ನಾಲ್ಕು ಲಂಬಕೋನಕ್ಕೆ ಮಾತ್ರ. ನಾವು ತುರುಕಿದ್ದು ಆರು ಲಂಬಕೋನ, 540 ಡಿಗ್ರಿ. ಹೆಚ್ಚಾದ 180 ಡಿಗ್ರಿಗೆ ನೆಲದ ಮೇಲೆ ಎಡೆಯಿಲ್ಲದ್ದರಿಂದ ಅದು ಗಾಳಿಗೆ ಏಳುತ್ತದೆ. ಹಾಗೆ ಎದ್ದದ್ದರಿಂದಲೇ ಮಡಚಿದಾಗ ಇಂಗ್ಲಿಷಿನ ಎಲ್ ಅಕ್ಷರದ ಆಕಾರ ಸಿಗುತ್ತದೆ. ಹೆಣಿಗೆ ಶುರುವಾದ ನಟ್ಟನಡುವಿನ ಬಿಂದು ನೇರ ಕಂಕುಳಿಗೆ ಬಂದು ಕೂರುತ್ತದೆ. ಆರು ಬದಿಗಳಲ್ಲಿ ಒಂದು ಮುಂಗೈಯ ಬಾಯಿ, ಒಂದು ಕೆಳಗಿನ ಅಂಚು, ಒಂದು ಎದೆಯ ತೆರವು, ಒಂದು ಬೆನ್ನಿನ ಹೊಲಿಗೆ, ಉಳಿದೆರಡು ಸೇರಿ ಭುಜ. ಒಂದೂ ದಂಡವಿಲ್ಲ, ಒಂದೂ ಕಡಿಮೆಯಿಲ್ಲ. ಇದನ್ನು ಮೊದಲು ಕಂಡುಕೊಂಡ ಕೈ ಯಾರದೋ, ಅದಕ್ಕೊಂದು ನಮಸ್ಕಾರ.

ಹೆಚ್ಚಿಸುವುದನ್ನು ಮೂಲೆಗಳಿಗೆ ಸೀಮಿತ ಮಾಡದೆ ಪ್ರತಿ ಕಂಬದ ಮೇಲೂ ಎರಡೆರಡು ಹಾಕಿದರೆ ಏನಾಗುತ್ತದೆ? ಆರರಿಂದ ಹೊರಟರೆ ಹತ್ತು ಸಲ ಇಮ್ಮಡಿಯಾದಾಗ 6,144. ಇಪ್ಪತ್ತನೇ ಸಲಕ್ಕೆ 62,91,456. ಕಂಬಕ್ಕೆ ಹತ್ತು ಸೆಕೆಂಡಿನಂತೆ ಆ ಒಂದೇ ಸುತ್ತಿಗೆ ಊಟ ನಿದ್ದೆ ಬಿಟ್ಟು ಎರಡು ವರ್ಷ ಕೂರಬೇಕು. ಇದನ್ನೇ ಹತೋಟಿಯಲ್ಲಿಟ್ಟು, ಇಷ್ಟು ಹೊಲಿಗೆಗೆ ಒಂದು ಹೆಚ್ಚು ಎಂದು ನಿಯಮ ಮಾಡಿಕೊಂಡು, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ, ಎಲ್ಲ ಬಿಂದುಗಳಲ್ಲೂ ಹೀಗೆ ಅಲೆಯೇಳುವ ಹೈಪರ್‌ಬೋಲಿಕ್ ಸಮತಲವನ್ನು ಕ್ರೋಶಾದಲ್ಲಿ ಹೆಣೆದು ತೋರಿಸಿದರು. ಅದುವರೆಗೆ ಅದಕ್ಕಿದ್ದ ಕಾಗದದ ಮಾದರಿಗಳು ಮುಟ್ಟಿದರೆ ಹರಿಯುತ್ತಿದ್ದವು. ವಿದ್ಯಾರ್ಥಿಗಳು ಮಡಚಿ, ಎಳೆದು, ಎಸೆದಾಡಿ ಕಲಿಯಬಹುದಾದ ಮಾದರಿ ಸಿಕ್ಕಿದ್ದು ಕಡ್ಡಿ ಮತ್ತು ನೂಲಿನಿಂದ.

ನಮ್ಮಲ್ಲಿ ಸೀರೆಗೆ ಕ್ರೋಶಾ ಕುಚ್ಚು ಹಾಕುವವರಿಗೆ ಇದ್ಯಾವುದೂ ಹೊಸ ಕಸುಬಲ್ಲ. ಕಡ್ಡಿ ಸಣ್ಣದು, ದಾರ ರೇಷ್ಮೆಯದು, ನಡುವೆ ಮಣಿ ಇರುತ್ತವೆ. ಚೈನೂ ಡಬಲ್ ಕ್ರೋಶಾವೂ ಅವೇ. ಸೆರಗಿನ ಅಂಚು ಸುಮಾರು 45 ಇಂಚು. ನಮ್ಮ ಕಾರ್ಡಿಗನ್ನಿನ ಎರಡೂ ತುಂಡಿನ ಎಲ್ಲ ಸುತ್ತುಗಳನ್ನು ಬಿಡಿಸಿ ನೇರಕ್ಕೆ ಹಾಸಿದರೆ 97 ಮೀಟರ್ ಆಗುತ್ತದೆ, 85 ಸೀರೆಗಳ ಸೆರಗಿನ ಉದ್ದ. ಕುಚ್ಚಿನಲ್ಲಿ ಪಳಗಿದವರು ಒಂದು ಮದುವೆ ಸೀಸನ್ನಿನಲ್ಲಿ ಅಷ್ಟನ್ನು ಮುಗಿಸಿ ಕೈ ಕೊಡವಿಕೊಳ್ಳುತ್ತಾರೆ.

ಈಗ ನೂಲಿನೊಳಗೆ ಇಳಿಯೋಣ, ನಿಜವಾದ ಬೆರಗು ಇರುವುದು ಅಲ್ಲಿ. ಹತ್ತಿಯ ಒಂದು ಎಳೆ ಎಂದರೆ ಒಂದೇ ಒಂದು ಜೀವಕೋಶ. ಹೂವು ಅರಳಿದ ದಿನವೇ ಬೀಜದ ಸಿಪ್ಪೆಯ ಮೇಲಿನ ಕೆಲವು ಕೋಶಗಳು ಉಬ್ಬಿ ಹೊರಗೆ ಚಾಚಿಕೊಳ್ಳತೊಡಗುತ್ತವೆ. ಹೂವು ಬಣ್ಣಗೆಟ್ಟು ಉದುರುತ್ತದೆ, ಕಾಯಿ ಕಟ್ಟುತ್ತದೆ, ಒಳಗೆ ಕತ್ತಲೆಯಲ್ಲಿ ಆ ಕೋಶಗಳು ದಿನಕ್ಕೆ ಒಂದು ಮಿಲಿಮೀಟರಿಗೂ ಹೆಚ್ಚು ಬೆಳೆಯುತ್ತವೆ. ಮೂರು ವಾರದ ಸುಮಾರಿಗೆ ಪೂರ್ತಿ ಉದ್ದ ಬಂದಿರುತ್ತದೆ. ಸಾಮಾನ್ಯ ಹತ್ತಿಯಲ್ಲಿ ಅದು 28 ಮಿಲಿಮೀಟರ್ ಆಸುಪಾಸು, ಅಗಲ ಒಂದು ಮಿಲಿಮೀಟರಿನ ಸುಮಾರು ಅರವತ್ತನೇ ಒಂದು ಭಾಗ. ಅಗಲಕ್ಕಿಂತ ಉದ್ದ ಸುಮಾರು ಒಂದು ಸಾವಿರದ ಏಳುನೂರು ಪಟ್ಟು ಇರುವ ಜೀವಕೋಶವನ್ನು ನಾವು ದಿನಾ ಮೈಮೇಲೆ ಹಾಕಿಕೊಂಡು ತಿರುಗುತ್ತೇವೆ. ಧಾರವಾಡದಲ್ಲಿ ಬೆಳೆಸಿ 1972ರಲ್ಲಿ ಹೊರತಂದ ವರಲಕ್ಷ್ಮಿ ಮತ್ತು ಆಮೇಲೆ ಬಂದ ಡಿಸಿಎಚ್-32 ತಳಿಗಳು ಹೆಸರು ಮಾಡಿದ್ದು ಎಳೆ ಇದಕ್ಕಿಂತಲೂ ಉದ್ದ ಎಂಬ ಕಾರಣಕ್ಕೆ. ಕಾಯಿ ಬಿರಿದಾಗ ಎಳೆ ಒಣಗಿ, ಚಪ್ಪಟೆಯಾಗಿ, ತಾನೇ ತಿರುಚಿಕೊಳ್ಳುತ್ತದೆ. ಆ ತಿರುಚು ಇರುವುದರಿಂದಲೇ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ನೂಲು ನೂಲಾಗುತ್ತದೆ.

ಇಂಥ ಎಳೆ ಒಂದು ಮೀಟರ್ ಉದ್ದಕ್ಕೆ ತೂಗುವುದು 0.16 ಮಿಲಿಗ್ರಾಂನಷ್ಟು. ನಮ್ಮ ನೂಲು ಮೀಟರಿಗೆ ಅರ್ಧ ಗ್ರಾಂ. ಭಾಗಿಸಿ ನೋಡಿ: ನೂಲನ್ನು ಎಲ್ಲಿ ಕತ್ತರಿಸಿದರೂ ಕತ್ತರಿಯ ಬಾಯಿಗೆ ಸಿಗುವುದು ಮೂರು ಸಾವಿರಕ್ಕೂ ಹೆಚ್ಚು ಎಳೆ. ಒಂದು ಕಿಲೋಮೀಟರ್ ನೂಲಿನ ಎಳೆಗಳನ್ನೆಲ್ಲ ಬಿಡಿಸಿ ಒಂದರ ತುದಿಗೆ ಇನ್ನೊಂದನ್ನು ಇಟ್ಟರೆ ಸುಮಾರು 3,125 ಕಿಲೋಮೀಟರ್. ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಯವರೆಗಿನ ಉದ್ದ 3,214 ಕಿಲೋಮೀಟರ್ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಹೆಚ್ಚುಕಡಿಮೆ ಅಷ್ಟು ಉದ್ದ ನಿಮ್ಮ ಮಡಿಲಿನ ಚೀಲದಲ್ಲಿದೆ. ಎಳೆಗಳ ಎಣಿಕೆ 11 ಕೋಟಿ ದಾಟುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನ 6.11 ಕೋಟಿ; ಅಂದರೆ ಆಗಿನ ತಲೆಗೊಂದರಂತೆ ಹಂಚಿದರೂ ಸುಮಾರು ಐದು ಕೋಟಿ ಎಳೆ ಮಿಗುತ್ತವೆ. ಇವನ್ನೆಲ್ಲ ಹೊತ್ತ ಬೀಜಗಳು ಒಂಬತ್ತು ಸಾವಿರದಷ್ಟು, ಕಾಯಿಗಳು ಮುನ್ನೂರು. ಹೊಲದಲ್ಲಿ ಬಗ್ಗಿ ಆ ಮುನ್ನೂರು ಕಾಯಿಗಳ ಅರಳೆಯನ್ನು ಬಿಡಿಸಿದ್ದೂ ಬಹುಮಟ್ಟಿಗೆ ಹೆಣ್ಣುಮಕ್ಕಳ ಕೈಗಳೇ.

ಇಷ್ಟೆಲ್ಲ ಎಳೆ ತುಂಬಿದ್ದರೂ ಕಾರ್ಡಿಗನ್ನಿನ ಒಳಗಿರುವುದು ಮುಖ್ಯವಾಗಿ ಗಾಳಿ. ಹೆಣಿಗೆಯ ದಪ್ಪ ಮೂರು ಮಿಲಿಮೀಟರ್ ಎಂದರೆ ಉಡುಪಿನ ಗಾತ್ರ ಮೂರು ಲೀಟರಿಗೆ ಸ್ವಲ್ಪ ಕಡಿಮೆ. ಅದರಲ್ಲಿ ಹತ್ತಿ ಒಂದು ಲೀಟರಿನ ಮೂರನೇ ಒಂದು ಪಾಲು. ಉಳಿದ ನೂರಕ್ಕೆ 88 ಭಾಗ ಗಾಳಿ. ಬೆಚ್ಚಗಿಡುವುದು ಅದೇ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಇಲ್ಲಿಯ ಚಳಿಗೆ ಹತ್ತಿ ಸಾಕು, ಉಲ್ಲನ್ ಬೇಕೇಬೇಕೆಂದಿಲ್ಲ. ಹತ್ತಿಗೆ ಒಂದು ದೋಷವುಂಟು. ಎಳೆದದ್ದು ಉಲ್ಲನ್‌ನಂತೆ ವಾಪಸ್ ಬರುವುದಿಲ್ಲ. ಅರ್ಧ ಕಿಲೋ ಭಾರ ಭುಜದಿಂದ ಜೋತುಬಿದ್ದು ಉಡುಪು ಉದ್ದವಾಗುತ್ತ ಹೋಗುತ್ತದೆ. ಭುಜದ ಹೊಲಿಗೆಯನ್ನೂ ಕತ್ತಿನ ಅಂಚನ್ನೂ ಬಿಗಿಯಾದ ಸಿಂಗಲ್ ಕ್ರೋಶಾದಲ್ಲಿ ಹಾಕಿ. ಒಗೆದ ಮೇಲೆ ಹ್ಯಾಂಗರಿಗೆ ನೇತುಹಾಕದೆ ಹರವಿ ಒಣಗಿಸಿ.

ಈ ಕೆಲಸವನ್ನು ಯಂತ್ರ ಮಾಡಲಾರದೇ? ನಮ್ಮ ಟೀಶರ್ಟುಗಳ ಬಟ್ಟೆ ತಯಾರಾಗುವ ದುಂಡು ನಿಟ್ಟಿಂಗ್ ಯಂತ್ರಗಳನ್ನು ತಿರುಪ್ಪೂರಿನಲ್ಲಿ ನೋಡಬಹುದು. 30 ಇಂಚು ವ್ಯಾಸದ, ಇಂಚಿಗೆ 24 ಸೂಜಿಯ ಒಂದು ಯಂತ್ರದಲ್ಲಿ 2,200ಕ್ಕೂ ಹೆಚ್ಚು ಸೂಜಿಗಳಿರುತ್ತವೆ. ತೊಂಬತ್ತು ದಾರ ಒಟ್ಟಿಗೆ ಉಣಿಸುತ್ತ ನಿಮಿಷಕ್ಕೆ 30 ಸುತ್ತು ತಿರುಗಿಸಿದರೆ ನಿಮಿಷಕ್ಕೆ 60 ಲಕ್ಷ ಕುಣಿಕೆ. ಹೊಸಬರ ಕೈಯಲ್ಲಿ ನಿಮಿಷಕ್ಕೆ ಆರು ಕಂಬ. ಎಣಿಕೆಯಲ್ಲಿ ಹತ್ತು ಲಕ್ಷಕ್ಕೆ ಒಂದು. ಆದರೆ ಆ ದೈತ್ಯನಿಗೆ ಒಂದೇ ಒಂದು ಡಬಲ್ ಕ್ರೋಶಾ ಹಾಕಲು ಬರುವುದಿಲ್ಲ! ಆಗಲೇ ಹೆಣೆದ ಬಟ್ಟೆಯ ಯಾವುದೋ ಒಂದು ಸಂದಿಯನ್ನು ಹುಡುಕಿ, ಒಳಹೊಕ್ಕು, ನೂಲನ್ನು ಹಿಡಿದು ತರುವ ಚಲನೆ ಯಂತ್ರಕ್ಕೆ ಇನ್ನೂ ಒಗ್ಗಿಲ್ಲ. ಕ್ರೋಶಾ ಮೆಷಿನ್ ಎಂದು ಮಾರುವವು ಲೇಸು ಮಾಡುತ್ತವೆ, ಅದು ನಿಟ್ಟಿಂಗ್‌ನದೇ ಒಂದು ಬಗೆ. ಪ್ರಯೋಗಾಲಯದ ಮಾದರಿಗಳುಂಟು, ಕಾರ್ಖಾನೆಗೆ ಬಂದಿಲ್ಲ. ಹಾಗಾಗಿ ಅಂಗಡಿಯಲ್ಲಿ ತೂಗುಹಾಕಿರುವ ನಿಜವಾದ ಕ್ರೋಶಾ ಉಡುಪು ಎಷ್ಟೇ ಅಗ್ಗವಾಗಿರಲಿ, ಅದರ ಪ್ರತಿಯೊಂದು ಕಂಬವನ್ನೂ ಒಬ್ಬರು ಕೂತು ಹಾಕಿದ್ದಾರೆ.

ಪಳಗಿದ ಕೈ ಕಂಬಕ್ಕೆ ಮೂರು ಸೆಕೆಂಡಿನಂತೆ ಹೆಣೆದರೂ ನಮ್ಮ ಕಾರ್ಡಿಗನ್ನಿಗೆ ಅಂಚು, ಹೊಲಿಗೆ ಸೇರಿ 15 ಗಂಟೆ ಬೇಕು. ನೂಲಿನ ಖರ್ಚು, ಅಂಗಡಿಯ ಲಾಭ ಕಳೆದು ಹೆಣೆದವರಿಗೆ 600 ರೂಪಾಯಿ ಸೇರಿತು ಎಂದುಕೊಂಡರೆ ಗಂಟೆಗೆ 40 ರೂಪಾಯಿ, ಕಂಬವೊಂದಕ್ಕೆ ನಾಲ್ಕು ಪೈಸೆ. ಆರು ಕಂಬ ಹಾಕಿದರೆ ನಾಲ್ಕಾಣೆ. ಆ ನಾಣ್ಯವೂ 2011ರಲ್ಲೇ ಚಲಾವಣೆಯಿಂದ ಹೋಯಿತು. ಗೋದಾವರಿಯ ದಡದ ನರಸಾಪುರದ ಸುತ್ತಮುತ್ತ 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ಇವತ್ತಿಗೂ ಹೆಂಗಸರ ಕೈಕಸುಬು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಈ ಹೆಂಗಸರ ಬಗ್ಗೆಯೇ ಒಂದು ಪುಸ್ತಕ ಬರೆದರು. ಲೇಸು ವಿದೇಶಕ್ಕೆ ಹಡಗು ಹತ್ತುತ್ತಿತ್ತು. ಅದನ್ನು ಹೆಣೆಯುವವರು ಮಾತ್ರ ಬಿಡುವಿನಲ್ಲಿ ಏನೋ ಮಾಡಿಕೊಂಡಿರುವ ಗೃಹಿಣಿಯರು ಎಂದೇ ಎಣಿಕೆಯಾಗುತ್ತಿದ್ದರು. ದುಡಿಮೆಗಾರರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಈ ಬರಹದಲ್ಲಿ ಇಷ್ಟೊಂದು ಅಂಕಿ ತುಂಬಿರುವಾಗ, ಎಣಿಸದೆ ಬಿಟ್ಟ ಈ ಅಂಕಿಯನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಕೈಗಳು ಒಟ್ಟು ಸೇರಿದರೆ ಏನಾಗುತ್ತದೆ ಎಂಬುದಕ್ಕೂ ದಾಖಲೆಯಿದೆ. 2016ರ ಜನವರಿ 31ರಂದು ಚೆನ್ನೈನಲ್ಲಿ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಎಂಬ ಬಳಗ ತುಂಡುಗಳನ್ನು ಜೋಡಿಸಿ 11,148.5 ಚದರ ಮೀಟರಿನ ಕ್ರೋಶಾ ಹೊದಿಕೆಯನ್ನು ಹಾಸಿ ಗಿನ್ನೆಸ್ ದಾಖಲೆ ಮಾಡಿತು. ಅಂತಾರಾಷ್ಟ್ರೀಯ ಅಳತೆಯ ಫುಟ್‌ಬಾಲ್ ಮೈದಾನ 7,140 ಚದರ ಮೀಟರ್. ಹೊದಿಕೆ ಅದರ ಒಂದೂವರೆಪಟ್ಟು. ನಮ್ಮ ಕಾರ್ಡಿಗನ್ ಹರವಿದರೆ 0.94 ಚದರ ಮೀಟರ್. ಅದೇ ಹೆಣಿಗೆ ಎಂದು ಊಹಿಸಿಕೊಂಡರೆ ಆ ಹೊದಿಕೆಗೆ 17 ಕೋಟಿ ಕಂಬ.

ನಿಮಗೆ ಬೇಕಾದದ್ದು ಹದಿನಾಲ್ಕು ಸಾವಿರದ ಚಿಲ್ಲರೆ ಮಾತ್ರ. ಅಂಗಡಿಗೆ ಹೋದಾಗ ನೆನಪಿಡಬೇಕಾದ ವಿಷಯ ಒಂದಿದೆ. ಸದ್ಯಕ್ಕೆ ಐದಾರು ಉಂಡೆ ಸಾಕು, ಆಮೇಲೆ ನೋಡೋಣ ಎಂದು ಬಂದವರಿಗೆ ಎರಡನೇ ತುಂಡಿನ ನಡುವೆಯೇ ನೂಲು ತೀರುತ್ತದೆ, ಇನ್ನೂ ಸಾಕಷ್ಟು ಬಾಕಿ ಇರುತ್ತದೆ. ಮತ್ತೆ ಹೋದರೆ ಅದೇ ಬಣ್ಣ ಸಿಕ್ಕರೂ ಬಣ್ಣದ ತೊಟ್ಟಿ ಬೇರೆಯಾಗಿರುತ್ತದೆ. ಒಂದು ತೋಳು ಇನ್ನೊಂದಕ್ಕಿಂತ ತಿಳಿಯಾಗಿ ಕಂಡರೆ ಬಿಚ್ಚುವುದೊಂದೇ ದಾರಿ. 50 ಗ್ರಾಮಿನ ಹನ್ನೊಂದು ಉಂಡೆಗಳನ್ನು ಒಂದೇ ಸಲಕ್ಕೆ ಕೊಳ್ಳಿ. ಲೇಬಲ್ಲಿನ ಲಾಟ್ ನಂಬರ್ ಹನ್ನೊಂದರಲ್ಲೂ ಒಂದೇ ಇದೆಯೇ ಎಂದು ಅಲ್ಲೇ ನಿಂತು ನೋಡಿ. ಬಿಚ್ಚದೆ ಉಳಿದ ಉಂಡೆಯನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ದುಡ್ಡು ಕೊಡುವ ಮೊದಲೇ ಕೇಳಿಬಿಡಿ.